ಉಸ್ತಾದರ ಕಡೀ ಕಾವು

ಡಿಸೆಂಬರ್ ೧೪, ರವಿವಾರ. ತಿಕೋಟಾ.

ವಿಜಯಪುರದ ಡಾಕ್ಟರ್ ಸಂಗನಬಸವ ಇವತ್ತ ತನ್ನ ಗಾಲ್ಫ್ ಕೋಲು ತಂದಿದ್ದ. ಪುಣೆ ಕ್ಲಬ್ಬಿನ್ಯಾಗ ನಾ ಮೂವತ್ತು ವರ್ಷ ಕೋಲಿನ ತಲಿಗೆ ಉದ್ದನ ದಂಡ, ಅಂದ್ರ ಕಾವು, ಹಾಕಿದ್ದು ಅವಗ ಯಾರೋ ಹೇಳ್ಯಾರ. ದೂರ ಹೊಡಿಯೋ ಐರನ್ ಕೋಲಿಗೆಲ್ಲಾ ಉಕ್ಕಿನ ಕಾವು. ಹತ್ತಿರದಿಂದ ಚೆಂಡು ಎತ್ತೋ ವೆಡ್ಜ್ ಕೋಲಿಗೆ ಮಾತ್ರ ಹಗೂರ ಗ್ರಾಫೈಟ್.

"ತುಟ್ಟೀದ ಹಾಕಿಸೇನ್ರಿ ಕಾಕಾ, ಆದ್ರೂ ಚೆಂಡು ಎಲ್ಲೆಲ್ಲೋ ಹೊಕ್ಕೈತಿ," ಅಂದ.

"ಒಂದ ಕಾಲಾಗ ಬೂಟು, ಇನ್ನೊಂದ್ರಾಗ ಹವಾಯಿ ಚಪ್ಪಲ್ ಹಾಕ್ಕೊಂಡು ನಡಿ ನೋಡೋಣು!" ಅಂತ ಬೈದೆ.

ವೆಡ್ಜಿನ ಕಾವು ಐರನ್ನಿನಷ್ಟ ತೂಕ ಇರಬೇಕು, ಇಲ್ಲಾ ಕೂದಲೆಳಿ ಹೆಚ್ಚು. ಅದು ನಮ್ಮ ಉಸ್ತಾದ ಲಾಡಲೇಸಾಬರ ಮಾತು. ಕಣ್ಣು ಮುಚ್ಚಿಸಿ ಒಂದಾದ ಮ್ಯಾಲೊಂದು ಕೋಲು ಬೀಸಸತಿದ್ದರು. ಕೋಲು ಬದಲಾದದ್ದು ಕೈಗೆ ಗೊತ್ತಾತಂದ್ರ, "ಬಿಚ್ಚಲೇ, ಮತ್ತ ಹಾಕು" ಅನ್ನತಿದ್ದರು.

ಆ ತೂಕದ ಕಾವು ನನ್ನ ಟ್ರಂಕಿನ್ಯಾಗ ಒಂದ ಇತ್ತು. ಉಸ್ತಾದರು ತೀರಿಕೊಳ್ಳೋ ಮುಂದ ಕೊಟ್ಟದ್ದು. ಇಪ್ಪತ್ತು ವರ್ಷ ಹಂಗ ಇಟ್ಟಿದ್ದೆ. ಇವತ್ತ ಡಾಕ್ಟರನ ಅಳತಿಗೆ ಕೊಯ್ದು ವೆಡ್ಜಿಗೆ ಹಾಕಿದೆ.

ಅಂಟು ಒಣಗಿದ ಮ್ಯಾಲೆ ಕಣ್ಣು ಮುಚ್ಚಿ ಐರನ್ ಬೀಸಿದೆ, ವೆಡ್ಜ್ ಬೀಸಿದೆ. ಕೈಗೆ ಗೊತ್ತಾಗಲಿಲ್ಲ. ಕಣ್ಣು ತೆರದ್ರ ಎದುರಿಗೆ ಉಸ್ತಾದರಲ್ಲ, ಡಾಕ್ಟರ್ ನಿಂತಿದ್ದ. ಯಾಕೋ ಅವನ ಮ್ಯಾಲೆ ಸಿಟ್ಟು ಬಂತು.

ಕೊಯ್ದ ತುಂಡು ದಿಂಬಿನ ಬಾಜೂಕ ಐತಿ. ಯಾತಕ್ಕೂ ಬರಂಗಿಲ್ಲ. ಹೊರಗ ಒಗಿಬೇಕಂತ ಮೂರು ಸರ್ತಿ ಎದ್ದೆ, ಆದ್ರ ಮೂರು ಸರ್ತೀನೂ ತಂದು ಅಲ್ಲೇ ಇಟ್ಟೆ.