ಸೂತಕದ ಮನೆಗೆ ಬಂದ ಪ್ರಶಸ್ತಿ

ಡಿಸೆಂಬರ್ 2, ಬೆಳಿಗ್ಗೆ

ಮೇಷ್ಟ್ರ ಮನೆಯಲ್ಲಿ ಸೂತಕದ ಕಾರ್ಡ್‌ಗಳಿಗೆ ವಿಳಾಸ ಬರೆಯುತ್ತಿದ್ದೆ — ಆಗಸ್ಟ್‌ನಲ್ಲಿ ಪತ್ನಿ ಫುಮಿಯೆ ತೀರಿಕೊಂಡರು, ಈ ಸಲ ನಮ್ಮಲ್ಲಿ ಹೊಸ ವರ್ಷದ ಶುಭಾಶಯವಿಲ್ಲ, ಎಂದು. ಎಪ್ಪತ್ತನೆಯ ಕಾರ್ಡ್‌ನಲ್ಲಿದ್ದಾಗ ಮೇಷ್ಟ್ರಿಗೆ ಫೋನ್. ಪತ್ರಿಕೆಯವರು. ಮೇಷ್ಟ್ರ ಓಕಿ ದ್ವೀಪದ ಮಾತಿನ ನಿಘಂಟಿಗೆ ಈ ವರ್ಷದ ಪ್ರಶಸ್ತಿ. ಕೊಟ್ಟರೆ ಸ್ವೀಕರಿಸುತ್ತೀರಾ? ಜನವರಿ ಒಂದರ ಪೇಪರ್‌ನಲ್ಲಿ ಬರುತ್ತದೆ, ಅಲ್ಲಿಯವರೆಗೆ ಗುಟ್ಟು.

"ಶುಕ್ರವಾರ ಹೇಳ್ತೀನಿ," ಎಂದು ಮೇಷ್ಟ್ರು ಫೋನ್ ಇಟ್ಟುಬಿಟ್ಟರು. ನನ್ನ ಕಡೆ ತಿರುಗಿ, "ಕುಝೆ, ಹೊಸ ವರ್ಷದ ದಿನ ಜನ ಬಾಗಿಲಿಗೆ ಬಂದು ಅಭಿನಂದನೆ ಅಂತಾರೆ. ಅವಳ ಫೋಟೊ ಮುಂದೆ. ಆಗಲ್ಲ."

ಡಿಸೆಂಬರ್ 4

ಮೇಷ್ಟ್ರು ಪ್ರಶಸ್ತಿ ಬೇಡ ಎನ್ನುವುದೇ ಖಚಿತವಂತೆ. ಅರವತ್ತು ಸಾವಿರ ಪದ, ಪ್ರತಿಯೊಂದೂ ಫುಮಿಯೆ ಅವರ ಕೈಬರಹ. ಪುಸ್ತಕದಲ್ಲಿ ಎಲ್ಲೂ ಅವರ ಹೆಸರಿಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ಎಂ.ಎ. ಸೇರಿದ ನನ್ನನ್ನು ನೋಡಿ ಉಳಿದವರು ನಕ್ಕಾಗ ಪಕ್ಕಕ್ಕೆ ಕುರ್ಚಿ ಎಳೆದುಕೊಟ್ಟವರು ಫುಮಿಯೆ ಅವರೇ.

ಕವನ ಸಂಕಲನ ತೆರೆದೆ. ಒಂದು ಸಾಲೂ ಒಳಗಿಳಿಯಲಿಲ್ಲ. ಗುಟ್ಟು ಬಿಟ್ಟುಕೊಟ್ಟೆ — ಫುಮಿಯೆ ಅವರ ತಂಗಿ ತಾಝುಗೆ ಫೋನ್ ಮಾಡಿದೆ.

ಡಿಸೆಂಬರ್ 5, ಮಧ್ಯಾಹ್ನ

ತಾಝು ದ್ವೀಪದಿಂದ ಮೊದಲ ಹಡಗಿಗೇ ಬಂದರು. ಕೋಟು ಕೂಡ ಬಿಚ್ಚಲಿಲ್ಲ.

"ಭಾವ, ನಲವತ್ತು ವರ್ಷ ಅಕ್ಕ ಬರೆದಳು, ನೀವು ಸಹಿ ಹಾಕಿದ್ರಿ. ಈಗ ಸೂತಕದ ಹೆಸರಲ್ಲಿ ಇನ್ನೊಂದ್ಸಲ ಮುಚ್ಚಿಡ್ತೀರಾ?"

"ಬಂದವರು ಮೊದಲು ಚಹಾ ಕುಡೀತಾರೆ, ತಾಝು."

"ನೀವು ಮೊದಲು ಫೋನ್ ಮಾಡಿ. ಚಹಾ ನಾನೇ ಮಾಡ್ಕೋತೀನಿ. ನೀವು ಮಾಡಿದ್ದನ್ನ ಯಾರು ಕುಡೀತಾರೆ!"

ಮೇಷ್ಟ್ರು ಫುಮಿಯೆ ಅವರ ಫೋಟೊ ನೋಡಿದರು. ಆಮೇಲೆ ಫೋನ್ ಎತ್ತಿದರು. "ತಗೋತೀನಿ. ಆದ್ರೆ ಭಾಷಣದಲ್ಲಿ ಏನು ಹೇಳ್ತೀನೋ ಅದನ್ನ ಹಾಗೇ ಅಚ್ಚು ಹಾಕ್ಬೇಕು."

ಜನವರಿ 1

ಪೇಪರ್ ಬಂತು. ಯಾರೂ ಅಭಿನಂದನೆ ಎನ್ನಲಿಲ್ಲ — ಕಾರ್ಡ್ ಎಲ್ಲರಿಗೂ ತಲುಪಿತ್ತಲ್ಲ. ಎದುರು ಮನೆಯವರು ಗೇಟಿನಲ್ಲೇ ತಲೆಬಾಗಿ, "ಓದಿದ್ವಿ," ಎಂದರು. ಅಷ್ಟೇ. ದ್ವೀಪದಿಂದ ಮುದುಕಿಯೊಬ್ಬರ ಫೋನ್: "ಮೇಷ್ಟ್ರೇ, ಶುಭದ ಮಾತು ಆಡಬಾರದು, ಗೊತ್ತು. ಬಾಯಿ ಮುಚ್ಕೊಂಡು ಖುಷಿಯಾಗಿದೀನಿ."

ಮೇಷ್ಟ್ರು ನಕ್ಕರು. ಆಗಸ್ಟ್ ನಂತರ ಮೊದಲ ಸಲ. ಈ ಜನರಿಗೆ ಎಷ್ಟು ಕೈಮುಗಿದರೂ ಸಾಲದು.

ಜನವರಿ 24

ಮೇಷ್ಟ್ರು ನನ್ನ ಕೈಯಲ್ಲಿ ಪ್ರಶಸ್ತಿ ಭಾಷಣ ಬರೆಸಿದರು. ಆರಂಭ ಹೀಗೆ: ಈ ನಿಘಂಟನ್ನು ಬರೆದವಳು ತೊಮಿನಾಗಾ ಫುಮಿಯೆ. ನಾನು ಅವಳ ಸಹಾಯಕ.

"ಮುಂದೆ?" ಎಂದೆ.

"ಅಷ್ಟನ್ನೇ ಇನ್ನೊಮ್ಮೆ ಓದು."

ಓದಿದೆ.

"ಇನ್ನೊಮ್ಮೆ."

ಮೂರನೆಯ ಸಲ ಫುಮಿಯೆ ಅವರ ಫೋಟೊ ಕಡೆ ತಿರುಗಿ, ಅವರ ಹೆಸರನ್ನು ಗಟ್ಟಿಯಾಗಿ ಓದಿದೆ.