ನಿನ್ನ ಎಡ ಮೊಣಕಾಲಿನ ವಿಷಯ

ಉಸೈದ್, ಮಗನೇ,

ದೇವರ ಹೆಸರಿನಿಂದ ಶುರುಮಾಡುತ್ತಿದ್ದೇನೆ, ಕೋಪದಿಂದಲ್ಲ. ಕೋಪ ಮಾಡಿಕೊಳ್ಳುವುದಾದರೆ ಯಾರ ಮೇಲೆ ಎಂದು ಬೆಳಗಿನಿಂದ ಹುಡುಕುತ್ತಿದ್ದೇನೆ. ಒಬ್ಬರೂ ಸಿಕ್ಕಿಲ್ಲ.

ನಿಮ್ಮ ಬಸ್ಸು ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅಮ್ಮಾನ್ ನಗರಕ್ಕೆ ಹೊರಟಿತು. ನಮ್ಮ ಮಾದಬಾ ಊರಿನ ಅರ್ಧ ಜನ ಅದರ ಹಿಂದೆ ಹಾರ್ನ್ ಹೊಡೆಯುತ್ತ ಹೋದರು. ಊರಿನಲ್ಲಿ ಈಗ ಹೆಂಗಸರು, ಮುದುಕರು, ಬೆಕ್ಕುಗಳು ಉಳಿದಿದ್ದೇವೆ. ನಿನ್ನ ಅಕ್ಕ ಸಲ್ವಾ ಒಳಕೋಣೆಯಲ್ಲಿ ಟೀವಿ ಹಾಕಿಕೊಂಡು ಕೂತಿದ್ದಾಳೆ. ನಾನು ನೋಡುವುದಿಲ್ಲ ಎಂದು ಹೇಳಿ ಅಡುಗೆಮನೆಗೆ ಬಂದೆ. ಕೈಗೆ ಏನಾದರೂ ಕೆಲಸ ಬೇಕಲ್ಲ. ಅಕ್ಕಿ ಆರಿಸಿಯಾಯಿತು, ಸೊಪ್ಪು ಬಿಡಿಸಿಯಾಯಿತು, ಈಗ ನಿನಗೆ ಬರೆಯುತ್ತಿದ್ದೇನೆ. ಎದುರಿಗೆ ನಿಂತು ಹೇಳಿದರೆ ನೀನು "ಆಯ್ತಮ್ಮ, ಆಯ್ತು" ಎಂದು ನನ್ನ ಹಣೆಗೆ ಮುತ್ತಿಟ್ಟು ಹೋಗಿಬಿಡುತ್ತೀಯ. ಕಾಗದದ ಬಾಯಿಯನ್ನು ಹಾಗೆ ಮುಚ್ಚಿಸಲಾಗುವುದಿಲ್ಲ.

ಈ ಬ್ಯಾಸ್ಕೆಟ್‌ಬಾಲ್ ಆಟ ನನಗೆ ಇಷ್ಟವಿರಲಿಲ್ಲ. ನಿಮ್ಮಪ್ಪ ತೀರಿಕೊಂಡ ವರ್ಷ ನೀನು ಹೇಳದೆ ಕೇಳದೆ ಬೆಳೆಯತೊಡಗಿದೆ. ಹೊಸ ಪ್ಯಾಂಟು ಮುಂದಿನ ಹಬ್ಬ ಬರುವಷ್ಟರಲ್ಲಿ ಮೀನಖಂಡಕ್ಕೆ ಏರಿರುತ್ತಿತ್ತು. ಕ್ಲಬ್ಬಿನ ಕೋಚ್ ಮನೆಗೆ ಬಂದು, ಎಲ್ಲರಂತೆ ನನ್ನನ್ನು ಹಿರಿಮಗನ ಹೆಸರು ಹಿಡಿದು ಕರೆದು, "ಉಮ್ ಫವ್ವಾಝ್, ಈ ಹುಡುಗನನ್ನ ನನಗೆ ಕೊಡಿ" ಅಂದ. "ಯಾಕಪ್ಪಾ, ಬಲ್ಬ್ ಬದಲಾಯಿಸೋಕಾ?" ಅಂದೆ ನಾನು. ನಿಮ್ಮಣ್ಣ ಫವ್ವಾಝ್ ಕಣ್ಣಲ್ಲೇ ಬೇಡಿಕೊಂಡ. ಒಪ್ಪಿದೆ. ಹದಿನೇಳಕ್ಕೆ ಊರ ತಂಡ ಸೇರಿದೆ, ಹತ್ತೊಂಬತ್ತಕ್ಕೆ ಸಂಬಳದ ಆಟಗಾರನಾದೆ. ಮೊದಲ ಸಂಬಳದಲ್ಲಿ ನನಗೆ ವಾಷಿಂಗ್ ಮಷಿನ್ ತಂದೆ. ಹಳೆಯದಕ್ಕೆ ಏನಾಗಿತ್ತು ಎಂದು ಬೈದೆ. ಹೊಗಳುವುದು ನನಗೆ ಬರುವುದಿಲ್ಲ. ಆದರೆ ಟೀವಿಯ ಮುಂದೆ ಕೂತು ಆಟದ ನಿಯಮವೆಲ್ಲ ಕಲಿತೆ. ರೆಫರಿ ತಪ್ಪು ಸೀಟಿ ಊದಿದರೆ ನಿನಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಆಮೇಲೆ ಇಸ್ತಾಂಬುಲ್ ತಂಡದವರ ಕರೆ ಬಂತು. ಬೇಸಿಗೆಯಲ್ಲಿ ಬಂದು ಪರೀಕ್ಷೆ ಮಾಡುತ್ತೇವೆ, ಮೈ ಕಾಲು ಗಟ್ಟಿಯಿದ್ದರೆ ಕರೆದುಕೊಂಡು ಹೋಗುತ್ತೇವೆ ಎಂದರು. ಅಂದಿನಿಂದ ನೀನು ಊಟಕ್ಕೆ ಕೂತು ಉಪ್ಪು, ನೀರು, ರೊಟ್ಟಿ ಎಲ್ಲವನ್ನೂ ತುರ್ಕಿಯಲ್ಲಿ ಕೇಳತೊಡಗಿದೆ. "ಅರಬ್ಬಿಯಲ್ಲಿ ಕೇಳು, ಸಿಗುತ್ತೆ" ಎನ್ನುತ್ತಿದ್ದೆ. ನೀನು ಆಚೆ ಹೋದ ಮೇಲೆ ಆ ಶಬ್ದಗಳನ್ನು ನಾನೂ ಒಂದೊಂದಾಗಿ ಬಾಯಲ್ಲಿ ಹೇಳಿಕೊಂಡು ನೋಡುತ್ತಿದ್ದೆ. ನಿನ್ನನ್ನು ನೋಡಲು ಬಂದಾಗ ಅಂಗಡಿಯಲ್ಲಿ ಬೇಕಾಗುತ್ತದಲ್ಲ.

ಸೆಮಿಫೈನಲ್ಲಿನಲ್ಲಿ ನೀನು ನೆಗೆದು ಇಳಿದಾಗ ಕಾಲು ಸೊಟ್ಟಗೆ ಬಿತ್ತು. ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ನಿನಗಲ್ಲ, ನನಗೆ ಹೇಳಿದರು: "ಎಡ ಮೊಣಕಾಲಿನ ಒಳಗಿನ ಮೆತ್ತೆ ಹರಿದಿದೆ, ತಾಯಿ. ಈಗ ಸುಮ್ಮನಿದ್ರೆ ಬೇಸಿಗೆ ಹೊತ್ತಿಗೆ ಓಡ್ತಾನೆ. ಫೈನಲ್ ಆಡಿದ್ರೆ ಆಮೇಲೆ ನನಗೆ ಹೊಲಿಯೋದಕ್ಕೂ ಏನೂ ಉಳಿಯಲ್ಲ." ಕೋಚ್ ಕೂಡ ಒಪ್ಪಿಕೊಂಡ. ಬೆಂಚಿನ ಮೇಲೆ ಕೂತಿರಲಿ ಎಂದ. ನಾನು ಮನೆಗೆ ಬಂದು ನಿಶ್ಚಿಂತೆಯಿಂದ ಮಲಗಿದೆ.

ಮಂಗಳವಾರ ಅವರು ಬಂದರು. ಕ್ಲಬ್ಬಿನ ಅಧ್ಯಕ್ಷರು ಅಬೂ ರಾಕಾನ್ ಮುಂದೆ, ಅವರ ಹಿಂದೆ ಊರಿನ ಹಿರಿಯರು, ಎಲ್ಲರೂ ಮದುವೆ ಕೇಳಲು ಬಂದವರಂತೆ ಕರಿ ನಿಲುವಂಗಿ ಹೊದ್ದು. ಫವ್ವಾಝ್ ಕಾಫಿ ಬಗ್ಗಿಸಿ ಕೊಟ್ಟ. ಅಬೂ ರಾಕಾನ್ ಬಟ್ಟಲನ್ನು ತುಟಿಗೆ ತಾಗಿಸದೆ ಮುಂದೆ ಇಟ್ಟರು. ಉಳಿದವರೂ ಇಟ್ಟರು. ಕೇಳಲು ಬಂದದ್ದು ಸಿಗುವ ತನಕ ಅವರು ಕುಡಿಯುವುದಿಲ್ಲ. ಕುಡಿಯದೆ ಎದ್ದು ಹೋದರೆ ಆ ಮನೆಯ ಮಾನ ಉಳಿಯುವುದಿಲ್ಲ. ಹೆಣ್ಣು ಕೇಳಲು ಹೀಗೆ ಬಂದದ್ದನ್ನು ನೋಡಿದ್ದೇನೆ, ಕೊಲೆಯ ರಾಜಿಗೆ ಬಂದದ್ದನ್ನೂ ನೋಡಿದ್ದೇನೆ. ಒಂದು ಮೊಣಕಾಲಿಗಾಗಿ ಬಂದದ್ದನ್ನು ನೋಡಿರಲಿಲ್ಲ.

"ಉಮ್ ಫವ್ವಾಝ್, ನಿಮ್ಮ ಕಾಫಿ ಊರಿಗೇ ಹೆಸರುವಾಸಿ. ಆದ್ರೆ ನಮ್ಮ ಮಾತು ನಡೀದೆ ಕುಡಿಯೋ ಹಾಗಿಲ್ಲ. ಗುರುವಾರದ ಫೈನಲ್ ಉಸೈದ್ ಆಡಬೇಕು."

"ಹಾಗಾದ್ರೆ ನೋಡ್ತಾ ಕೂತ್ಕೊಳ್ಳಿ, ಅಬೂ ರಾಕಾನ್. ನೋಡೋದಕ್ಕೂ ನನ್ನ ಕಾಫಿ ಚೆನ್ನಾಗೇ ಇರುತ್ತೆ."

"ಮಾದಬಾ ಒಂದು ಸಲಾನೂ ಕಪ್ ಗೆದ್ದಿಲ್ಲ, ತಾಯಿ. ಅಮ್ಮಾನಿನವರು ನಮ್ಮನ್ನ ಕುರಿ ಕಾಯೋರು ಅಂತಾರೆ. ಒಂದೇ ಒಂದು ಸಂಜೆ. ದೇವರು ಅವನಿಗೆ ಎರಡು ಮೊಣಕಾಲು ಕೊಟ್ಟಿದ್ದಾನಲ್ಲ."

"ನಿಮಗೂ ಎರಡು ಕೊಟ್ಟಿದ್ದಾನೆ. ನೀವೇ ಇಳೀರಿ ಅಂಕಣಕ್ಕೆ."

ಹಿಂದೆ ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಅಬೂ ರಾಕಾನ್ ನಗಲಿಲ್ಲ. ಫವ್ವಾಝ್ ನನ್ನ ಕಿವಿಯ ಹತ್ತಿರ ಬಾಗಿ, "ಅಮ್ಮಾ, ತಣ್ಣಗಾಗ್ತಿದೆ" ಅಂದ. "ತಣ್ಣಗಾಗಲಿ" ಅಂದೆ, ಎಲ್ಲರಿಗೂ ಕೇಳುವ ಹಾಗೆ. ಈ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಮಾನ ಹೋದರೆ ಮತ್ತೆ ಕಟ್ಟಿಕೊಳ್ಳುತ್ತೇನೆ, ಮಗನ ಕಾಲನ್ನು ಕಟ್ಟಲಾರೆ ಎಂದು ಲೆಕ್ಕ ಹಾಕಿಯೇ ಆಡಿದ್ದೆ. ಅವರು ಏಳುವುದರಲ್ಲಿದ್ದರು, ಉಸೈದ್. ಇನ್ನೊಂದು ನಿಮಿಷ ನೀನು ಒಳಗಿದ್ದಿದ್ದರೆ ಎದ್ದು ಹೋಗಿರುತ್ತಿದ್ದರು.

ನೀನು ಗೋಡೆ ಹಿಡಿದುಕೊಂಡು ಬಂದೆ. ಬಾಗಲು ಆಗದೆ ಒಂದು ಕಾಲು ಚಾಚಿ ಕೂತು, ಅಬೂ ರಾಕಾನರ ಬಟ್ಟಲೆತ್ತಿ ಅವರ ಕೈಗೆ ಕೊಟ್ಟೆ. "ಕುಡೀರಿ ಚಿಕ್ಕಪ್ಪ. ನೀವು ಕೇಳಿದ್ದು ಆಯ್ತು."

ಅಷ್ಟು ಜನ ಗಂಡಸರು ಒಟ್ಟಿಗೆ ಕಾಫಿ ಹೀರಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅವರು ಹೋದ ಮೇಲೆ, "ಯಾಕೋ?" ಅಂದೆ. "ನನಗೆ ಮೊದಲ ಶೂ ಕೊಡಿಸಿದವರಮ್ಮ ಅವರು. ನಮ್ಮ ಮನೆಯಿಂದ ಬರಿಗೈಲಿ ಎದ್ದು ಹೋದ್ರೆ ನಾನು ಈ ಬೀದೀಲಿ ಹೇಗೆ ನಡೀಲಿ?" ಎಂದೆ ನೀನು. "ನಡೆಯೋದಕ್ಕೆ ಕಾಲಿರಬೇಕು" ಅಂದೆ. ನೀನು ನಕ್ಕೆ. ನಾನು ನಗಿಸಲು ಹೇಳಿರಲಿಲ್ಲ.

ಮರುದಿನ ಕೋಚ್ ಹತ್ತಿರ ಹೋದೆ. ಅವನು ನನ್ನ ಮುಖ ನೋಡಲಿಲ್ಲ. "ನಾನು ಬೆಂಚಲ್ಲಿ ಕೂರಿಸಿದ್ರೆ ಅವನ ಮಾತು ಸುಳ್ಳಾಗುತ್ತೆ, ತಾಯಿ. ಅವನೇ ನನ್ನನ್ನ ಕ್ಷಮಿಸಲ್ಲ." ಡಾಕ್ಟರಿಗೆ ಫೋನ್ ಮಾಡಿದೆ. ಕಟ್ಟಿಹಾಕೋಕೆ ಆಗಲ್ಲವಲ್ಲಮ್ಮ, ಇಪ್ಪತ್ತೆರಡು ವರ್ಷದವನು ಎಂದರು. ನಾಲ್ಕು ಮಕ್ಕಳನ್ನು ಬರೀ ಕಣ್ಣಿನಲ್ಲಿ ಹೆದರಿಸಿ ಸಾಕಿದವಳು ನಾನು. ನನ್ನ ಮಾತು ಮೀರಿ ಈ ಮನೆಯಲ್ಲಿ ಒಂದು ಕಿಟಕಿಯೂ ತೆರೆಯುತ್ತಿರಲಿಲ್ಲ. ಇವತ್ತು ಬೆಳಗ್ಗೆ ನೀನು ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುವಾಗ ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡು ನಿಂತೆ. ನನ್ನಿಂದ ಆದದ್ದು ಅಷ್ಟೇ.

ಆಟ ಶುರುವಾಗಿದೆ. ಪಕ್ಕದ ಮನೆಗಳು ಕೂಗುತ್ತವೆ, ನಿಟ್ಟುಸಿರು ಬಿಡುತ್ತವೆ, ಮತ್ತೆ ಕೂಗುತ್ತವೆ. ಚೆಂಡು ಬುಟ್ಟಿಗೆ ಬಿದ್ದದ್ದು, ತಪ್ಪಿದ್ದು ಗೋಡೆಯಾಚೆಯಿಂದಲೇ ತಿಳಿಯುತ್ತದೆ. ನಿನ್ನ ಕಾಲು ಹೇಗಿದೆ ಎಂದು ಯಾರ ಕೂಗೂ ಹೇಳುವುದಿಲ್ಲ. ಸಲ್ವಾ ಎರಡು ಸಲ ಬಾಗಿಲಿಗೆ ಬಂದು, "ಅಮ್ಮಾ, ಹಾರ್ತಿದಾನೆ ಕಣಮ್ಮ, ಏನೂ ಆಗೇ ಇಲ್ಲ ಅನ್ನೋ ಹಾಗೆ!" ಅಂದಳು. ನಾನು ತಲೆ ಎತ್ತಲಿಲ್ಲ. ನೋವು ತಿಳಿಯದಿರಲು ಇಂಜೆಕ್ಷನ್ ಕೊಟ್ಟಿದ್ದಾರೆ ಎಂದು ನನಗೆ ಗೊತ್ತು.

ಪೆನ್ನು ಕೆಳಗಿಟ್ಟಿದ್ದೆ. ಈಗ ಮತ್ತೆ ಬರೆಯುತ್ತಿದ್ದೇನೆ.

ಗೆದ್ದಿರಿ. ಊರು ಹುಚ್ಚೆದ್ದಿದೆ. ಸಲ್ವಾ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಟೀವಿಯ ಮುಂದೆ ನಿಲ್ಲಿಸಿದಳು. ನೀನು ಜನರ ಹೆಗಲ ಮೇಲಿದ್ದೆ, ಕಪ್ ಹಿಡಿದು ನಗುತ್ತಿದ್ದೆ. ಆಮೇಲೆ ನಿನ್ನನ್ನು ಕೆಳಗಿಳಿಸಿದರು. ಎಲ್ಲರೂ ನಿನ್ನ ಮುಖ ನೋಡುತ್ತಿದ್ದರು. ನೀನು ಎಡಗಾಲನ್ನು ನೆಲಕ್ಕೆ ಊರಲೇ ಇಲ್ಲ, ಮಗನೇ. ಅಬೂ ರಾಕಾನರ ಹೆಗಲಿಗೆ ಕೈ ಹಾಕಿ ಒಂದೇ ಕಾಲಲ್ಲಿ ನಿಂತೆ. ಎಂಥ ಪ್ರೀತಿ ನೋಡಿ ಎಂದು ಟೀವಿಯವನು ಹೇಳಿದ. ಸಲ್ವಾ ಅತ್ತಳು, ಸಂತೋಷಕ್ಕೆ.

ನೆರೆಯ ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕುತ್ತ ಬಾಗಿಲಿಗೆ ಬಂದಿದ್ದಾರೆ. ತೆರೆಯುತ್ತೇನೆ. ಸಿಹಿ ಹಂಚುತ್ತೇನೆ, ನಗುತ್ತೇನೆ ಕೂಡ. ನಿನ್ನನ್ನು ಹೊತ್ತು ತರುತ್ತಾರಲ್ಲ, ಆಗ ಅವರಿಗೆ ಗದರಿಸಿ ಹೇಳುತ್ತೇನೆ: ಮೆಟ್ಟಿಲ ಹತ್ತಿರ ಇಳಿಸಬೇಡಿ, ನನ್ನ ಮಗನನ್ನು ಹಾಸಿಗೆಯ ತನಕ ಹೊತ್ತು ತನ್ನಿ ಎಂದು. ತಾಯಿಯ ಜಂಬ ಅಂದುಕೊಳ್ಳಲಿ. ಮಂಚ ಕೆಳಗಿನ ಕೋಣೆಗೆ ಹಾಕಿಸಿದ್ದೇನೆ.

ನಿನ್ನ ಮೇಲೆ ನನಗೆ ಅಸಮಾಧಾನವಿಲ್ಲ. ದೇವರಿಗೂ ಇಲ್ಲದಿರಲಿ.

ನಿನ್ನ ತಾಯಿ