ಜೀಪಿನ ಹಸಿರು ಬಣ್ಣ ಕೆರೆದ ಭಾನುವಾರ

ಮಾವನವರಿಗೆ,

‘ವೈರ್‌ಲೆಸ್ ಸೆಟ್ಟಿಲ್ಲದ ಜೀಪು ಅಂದ್ರ...’ ಎಂದು ಶುರು ಮಾಡಿ ನೀವು ಏನೋ ಒಂದು ಹೇಳಿದ್ದಿರಿ. ಅದರ ಉಳಿದರ್ಧ ನನಗೆ ನೆನಪಾಗುತ್ತಿಲ್ಲ. ಮೂಗ ಎತ್ತು ಎಂದಿರೋ, ಕಿವುಡ ಸಾಹೇಬ ಎಂದಿರೋ. ಸುಜಾತಾಳನ್ನು ಕೇಳಿದೆ. “ನಮ್ಮಪ್ಪ ಹಂಗೆಲ್ಲಾ ಹೋಲಿಸಿ ಮಾತಾಡಾಂವ ಅಲ್ರಿ. ಸೆಟ್ಟಿಲ್ಲದ ಜೀಪು ಅಂದ್ರ ಬರೇ ಜೀಪು ಅಂದಿರ್ತಾನ” ಎಂದಳು. ನಿಮ್ಮ ಮಗಳು ಹೇಳಿದ್ದೇ ಸರಿಯಿರಬಹುದು. ಮಾತನ್ನು ನಡುವೆ ಬಿಟ್ಟು ಬೋಲ್ಟು ತಿರುಗಿಸುವ ಪಾನಾ ಕೇಳುವುದು ನಿಮ್ಮ ರೂಢಿ. ಉಳಿದದ್ದನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಹೀಗೆ ನಾನು ತುಂಬಿಕೊಂಡದ್ದರಲ್ಲಿ ನಿಮ್ಮದು ಎಷ್ಟು, ನನ್ನದು ಎಷ್ಟು ಎಂದು ಈಗ ಯಾರನ್ನು ಕೇಳಲಿ?

ಆ ಜೀಪು ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಮಸ್ಕಿಗೆ ಬಂದ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಸೈನ್ಯದವರು ಹರಾಜಿಗೆ ಬಿಟ್ಟು, ಕೈಯಿಂದ ಕೈಗೆ ಹೋಗಿ, ಕೊನೆಗೆ ಯಾರದೋ ಹೊಲದಲ್ಲಿ ಕೋಳಿಗಳು ಮಲಗುತ್ತಿದ್ದ ಗಾಡಿ. ನೆಲದ ತಗಡಿನಲ್ಲಿ ನಾಯಿ ತೂರುವಷ್ಟು ದೊಡ್ಡ ತೂತು. ಮುದಗಲ್ ರಸ್ತೆಯ ನಮ್ಮ ಶೆಡ್ಡಿನ ಮುಂದೆ ಇಳಿಸುವಾಗ ಪಕ್ಕದ ವೆಲ್ಡಿಂಗ್ ಅಂಗಡಿಯವನು ಕೂಗಿದ್ದ: “ಮಿಲಿಟ್ರಿ ಮಾಮಾ, ಇದನ್ನ ತೂಕಕ್ಕ ಹಾಕಾಕ ತಂದಿಯೋ, ಓಡ್ಸಾಕ ತಂದಿಯೋ?” ನೀವು ತಿರುಗಿ ಕೂಡ ನೋಡದೆ, “ನಿನ್ನ ಮದುವಿ ಮೆರವಣಿಗಿಗೆ ತಂದೀನಿ. ಹೆಣ್ಣು ಸಿಕ್ಕ ದಿನ ಹೇಳು, ಅಷ್ಟರಾಗ ಆರಾಮಾಗಿ ರಿಪೇರಿ ಆಗಿರ್ತೈತಿ” ಎಂದಿರಿ. ಹಾಗೆಯೇ ಆಯಿತು ನೋಡಿ. ಜೀಪು ಓಡಿತು, ಅವನು ಇನ್ನೂ ಹೆಣ್ಣು ನೋಡುತ್ತಲೇ ಇದ್ದಾನೆ.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಲಿಂಗಸುಗೂರಿನಿಂದ ಬಸ್ಸು ಹಿಡಿದು ಮಸ್ಕಿಗೆ ಬರುತ್ತಿದ್ದೆವು. ಬಸ್ಸಿನಲ್ಲಿ ಮಾತಿಲ್ಲ. ಮನೆಯಲ್ಲೂ ಇರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ನೀವು ನಮ್ಮ ಜೊತೆಗೇ ಇದ್ದಿರಿ. ಆದರೂ ನೀವು ನನ್ನನ್ನು ಕರೆಯುತ್ತಿದ್ದುದು ‘ಅಳ್ಯಾರ’, ನಾನು ನಿಮ್ಮನ್ನು ‘ಮಾವಾರ’. ಇಬ್ಬರೂ ಬಾಗಿಲಲ್ಲಿ ‘ನೀವು ಮೊದಲು’ ಎಂದು ನಿಂತುಬಿಡುವ ಜನ. ಶೆಡ್ಡಿನಲ್ಲಿ ಮಾತ್ರ, ಇಬ್ಬರೂ ಒಂದೇ ಗಾಡಿಯ ಕೆಳಗೆ ಮಲಗಿದಾಗ, ಮುಖ ಕಾಣದಿದ್ದಾಗ, ಮಾತು ಹುಟ್ಟುತ್ತಿತ್ತು. ನಾನು ಕರೆಂಟಿನ ಕಚೇರಿಯಲ್ಲಿ ಬಿಲ್ಲು ನೋಡುವವನು. ನನಗೆ ವೈರು ಗೊತ್ತಿಲ್ಲ ಎಂದು ಎಷ್ಟು ಹೇಳಿದರೂ ನೀವು ಕೈಗೆ ವೈರು ಕೊಡುತ್ತಿದ್ದಿರಿ. “ಹಿಡ್ಕೋರಿ ಅಳ್ಯಾರ. ಕರೆಂಟ್ ಆಫೀಸಿನವರನ್ನ ಕರೆಂಟ್ ಹಿಡಿಯಂಗಿಲ್ಲ.”

ಜೀಪು ಮೊದಲ ಸಲ ರಸ್ತೆಗಿಳಿದಾಗ ನೀವು ಅದನ್ನು ಸೀದಾ ನಿಮ್ಮ ಊರು ಪಾಮನಕಲ್ಲೂರಿಗೆ ಒಯ್ದಿರಿ. ಊರ ಹೊರಗಿನ ನಿಮ್ಮ ಓಣಿಗೆ ಅಡ್ಡದಾರಿಯಿತ್ತು, ಆದರೆ ನೀವು ಊರ ನಡುವಿನ ಬೀದಿಯಲ್ಲಿ ಹೋದಿರಿ, ಬರುವಾಗಲೂ ಅದೇ ಬೀದಿ. ತುಂಬಾ ನಿಧಾನ. ಕಟ್ಟೆಯ ಮೇಲಿದ್ದವರು ಎದ್ದು ನೋಡುತ್ತಿದ್ದರು. ಯಾಕಿಷ್ಟು ನಿಧಾನ ಎಂದು ನಾನು ಕೇಳಲಿಲ್ಲ. ನೀವೂ ಹೇಳಲಿಲ್ಲ. ಕೆಲವನ್ನು ಕೇಳದೆಯೇ ತಿಳಿದುಕೊಳ್ಳುವುದು ಮರ್ಯಾದೆ ಎಂದುಕೊಂಡಿದ್ದೆ...

ಬಣ್ಣದ ದಿನಗಳನ್ನು ಇವತ್ತು ಬೇಕೆಂದೇ ನೆನಪಿಸಿಕೊಳ್ಳುತ್ತಿದ್ದೇನೆ. ಯಂತ್ರದಿಂದ ಹೊಡೆಸೋಣ ಎಂದರೆ ಒಪ್ಪಲಿಲ್ಲ. “ಸ್ಪ್ರೇ ಮೂಲಿಗೆ ಹೋಗಂಗಿಲ್ರಿ. ತುಕ್ಕು ಮೂಲಿ ಹುಡ್ಕೊಂಡ ಬರ್ತೈತಿ.” ಹಸಿರು ಬಣ್ಣದ ಡಬ್ಬಿ, ಬ್ರಷ್ಷು, ಮಂಡಿಯ ಕೆಳಗೆ ಗೋಣಿಚೀಲ. ತಗಡಿನ ಮಡಿಕೆಗಳು, ಬೋಲ್ಟಿನ ತಲೆಗಳು, ಯಾರೂ ಎಂದೂ ನೋಡದ ಸೀಟಿನ ಅಡಿಭಾಗ, ಎಲ್ಲ ಕಡೆಗೂ ಬಳಿದಿರಿ. ಹಿಂಬದಿಯ ಎಡಗಡೆ, ಸೆಟ್ಟಿನ ಏರಿಯಲ್ ಕಂಬಿ ನಿಲ್ಲಬೇಕಾದಲ್ಲಿ, ಬಣ್ಣದಲ್ಲಿ ಬ್ರಷ್ಷಿನ ಒಂದು ಕೂದಲು ಅಂಟಿಕೊಂಡಿತ್ತು. ಪಕ್ಕದಲ್ಲೇ ನಿಮ್ಮ ಹೆಬ್ಬೆಟ್ಟಿನ ಗುರುತು. ನೀವು ಹೋದ ಮೇಲೆ ಅದನ್ನು ಮೊದಲು ಕಂಡವಳು ಸುಜಾತಾ.

ಸೆಟ್ಟನ್ನು ನೀವು ಸಿಕಂದರಾಬಾದಿನ ಗುಜರಿಯಿಂದ ತಂದಿರಿ. ಬಸ್ಸಿನಲ್ಲಿ ಪೂರ್ತಿ ದಾರಿ ತೊಡೆಯ ಮೇಲೆ ಇಟ್ಟುಕೊಂಡು ಬಂದು, ಎರಡು ದಿನ ನೆಟ್ಟಗೆ ನಡೆಯಲಾಗಲಿಲ್ಲ. ಪ್ರಾಯದಲ್ಲಿ ಸೈನ್ಯದ ಜೀಪಿನ ಹಿಂಬದಿಯಲ್ಲಿ ಕುಳಿತು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಡೆಸುತ್ತಿದ್ದುದು ಇಂಥದೇ ಸೆಟ್ಟು ಎಂದಿರಿ. ಹರಾಜಿಗೆ ಬಿಡುವ ಮೊದಲೇ ಅದರ ದನಿ ಕಳಿಸುವ ಭಾಗವನ್ನು ಕಿತ್ತಿದ್ದರು. “ಇನ್ನ ಇದು ಕೇಳೋದಷ್ಟ ಕೇಳ್ತೈತಿ, ಮಾತಾಡಂಗಿಲ್ಲ. ನನಗೂ ಅಷ್ಟ ಸಾಕು.” ಅದನ್ನು ಮಂಚದ ಕೆಳಗೆ ಕಂಬಳಿಯಲ್ಲಿ ಸುತ್ತಿಟ್ಟಿರಿ. ಜೀಪಿನಲ್ಲಿ ಕೂರಿಸುವುದನ್ನು ಮಾತ್ರ ಮುಂದಕ್ಕೆ ಹಾಕುತ್ತ ಹೋದಿರಿ. ಬಿಸಿಲು ಇಳೀಲಿ, ಬ್ಯಾಟರಿ ಬರಲಿ, ಕಾಲುನೋವು ಹೋಗಲಿ. ಚಳಿಗಾಲದಲ್ಲಿ ನೀವೇ ಹೋದಿರಿ. ಸುಜಾತಾ ಸೆಟ್ಟನ್ನು ಹೊರತೆಗೆದು ಬುದ್ಧನ ಪಟದ ಕೆಳಗಿನ ಮೇಜಿನ ಮೇಲೆ ಇಟ್ಟಳು. ಇದಕ್ಕೂ ಮೊಂಬತ್ತಿ ಹಚ್ಚುತ್ತಾಳೇನೋ ಎಂದು ಕೆಲವು ದಿನ ನನಗೆ ಭಯವಿತ್ತು.

ಸಿಂಧನೂರಿನ ಮಾಜಿ ಸೈನಿಕರು ಫೋನು ಮಾಡಿದ ಸಂಜೆ ನಾವು ಊಟಕ್ಕೆ ಕೂತಿದ್ದೆವು. ಆಗಸ್ಟ್ ಹದಿನೈದಕ್ಕೆ ಮೆರವಣಿಗೆಯಲ್ಲಿ ನಿಮ್ಮ ಜೀಪು ಬೇಕಂತೆ. ಸೆಟ್ಟು ಕೂರಿಸಿಲ್ಲ ಎಂದೆ. “ಡಬ್ಬಿ ಇಟ್ಟು ಏರಿಯಲ್ ನಿಂದರ್ಸಿದ್ರ ಸಾಕ್ರಿ ಸರ್, ಕಿವಿ ಹಚ್ಚಿ ಯಾರ್ ಕೇಳ್ತಾರ?” ಎಂದರು. ಸುಜಾತಾಳ ಮುಖ ಗಂಟಾಯಿತು. “ನಮ್ಮಪ್ಪನ ಸೆಟ್ಟು ಡಬ್ಬಿ ಅಲ್ಲ. ಇಡೋದಾದ್ರ ಅದು ಕೇಳ್ಬೇಕು.” ಆಮೇಲೆ ಅನ್ನ ಕಲಸುತ್ತ, ನನಗಲ್ಲ, ತಾಟಿಗೆ ಹೇಳುವಂತೆ ಹೇಳಿದಳು: “ಸಣ್ಣಾಕಿದ್ದಾಗ ಅಪ್ಪ ಎಲ್ಲಿ ಅದಾನ ಅಂತ ಕೇಳಿದ್ರ, ಅಲ್ಲಿ ಕುಂತು ಕೇಳಾಕತ್ತಾನ ಅಂತಿದ್ಲು ಅವ್ವ. ಏನ್ ಕೇಳಾಕತ್ತಾನ ಅಂತ ಯಾರೂ ಹೇಳ್ಲಿಲ್ಲ. ನಾ ಒಮ್ಮೆ ಕೇಳ್ಬೇಕ್ರಿ.”

ನಿತಾಯಿ ಸಿಂಧನೂರಿನಿಂದ ಬಂದ ಭಾನುವಾರ ಶೆಡ್ಡಿನ ತಗಡು ಕಾದಿತ್ತು. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಆ ಆಟೋ ಎಲೆಕ್ಟ್ರಿಷಿಯನ್ ನಿಮಗೆ ಗೊತ್ತು. ಮನೆಯಲ್ಲಿ ಬಂಗಾಳಿ, ಬಜಾರಿನಲ್ಲಿ ನಮ್ಮ ಕನ್ನಡ, ಬೈಯುವಾಗ ತೆಲುಗು. ಹಿಂಬದಿಯ ಚಕ್ರದ ಮೇಲಿನ ಕಬ್ಬಿಣದ ಹಲಗೆಗೆ ರಬ್ಬರಿನ ಬಿಲ್ಲೆಗಳಿಟ್ಟು ಸೆಟ್ಟನ್ನು ಕೂರಿಸಿದೆವು. ಜೀಪಿಗೆ ಒಂದು ಬ್ಯಾಟರಿ ಸಾಕು, ಸೆಟ್ಟಿಗೆ ಎರಡು ಬೇಕು, ಎರಡನ್ನೂ ಸೀಟಿನ ಹಿಂದೆ ಬಿಗಿದೆವು. ಸೆಟ್ಟಿನ ಗುಂಡಿ ತಿರುಗಿಸಿದರೆ ಏನೂ ಇಲ್ಲ. ನಿತಾಯಿ ಮೀಟರಿನ ವೈರಿನ ತುದಿ ಅಲ್ಲಿ ಇಲ್ಲಿ ಚುಚ್ಚಿ ನೋಡಿ ನಗತೊಡಗಿದ. “ಮಾಮಾ ಭಾರಿ ಬಣ್ಣ ಬಳದಾನ್ರಿ ಸರ್. ಕರೆಂಟ್ ಹೋಗಾಕ ದಾರಿ ಐತಿ, ವಾಪಸ್ ಬರಾಕ ಜೀಪಿನ ಮೈಯಾಗ ಒಂದು ಚೂರೂ ಬರಿ ಕಬ್ಬಿಣ ಬಿಟ್ಟಿಲ್ಲ.” ಸೆಟ್ಟಿನಿಂದ ಬ್ಯಾಟರಿಗೆ ಕರಿ ವೈರೊಂದನ್ನು ಎಳೆದ. ಡಯಲಿನ ಹಿಂದೆ ಹಳದಿ ದೀಪ ಹತ್ತಿತು. ಆದರೆ ಹೆಡ್‌ಫೋನಿನಲ್ಲಿ ಹಿಟ್ಟಿನ ಗಿರಣಿಯಂಥ ಗರಗರ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಏರಿಯಲ್ಲಿನ ಬುಡ ಜೀಪಿನ ಮೈಗೆ ಕಚ್ಚಿಕೊಳ್ಳಬೇಕು, ಇಡೀ ಗಾಡಿಯೇ ಅದರ ಅರ್ಥಿಂಗು, ಆ ಬುಡದ ಕೆಳಗಿನ ಬಣ್ಣ ಕೆರೆಯದೆ ಬೇರೆ ದಾರಿಯಿಲ್ಲ ಎಂದ.

ಆ ಬುಡ ಎಲ್ಲಿ ಕೂರಬೇಕೆಂದು ನಿಮಗೆ ಗೊತ್ತು. ಸುಜಾತಾ ಅಲ್ಲಿ, ನಿಮ್ಮ ಹೆಬ್ಬೆಟ್ಟಿನ ಗುರುತಿನ ಮೇಲೆ, ಅಂಗೈ ಇಟ್ಟು ನಿಂತಳು.

“ಇಲ್ಲಿ ಬ್ಯಾಡ.”

“ಅಕ್ಕಾ, ಒಂದು ರೂಪಾಯಿ ನಾಣ್ಯದಗಲ ಅಷ್ಟರಿ.”

“ಬ್ಯಾರೆ ಕಡೆ ತೂತು ಹೊಡಿ.”

“ಬ್ಯಾರೆ ಕಡೇನೂ ಮಾಮಾನ ಬಣ್ಣನ ಐತಲ್ರಿ ಅಕ್ಕಾ!”

“ನಿಮಗ ಏನೂ ಅನಸಂಗಿಲ್ಲೇನ್ರಿ?” ಎಂದು ಅವಳು ನನ್ನ ಕಡೆ ತಿರುಗಿದಳು. ನನಗೆ ಅನ್ನಿಸುತ್ತಿದ್ದುದು ಬೇರೆ. ಸೈನ್ಯದಲ್ಲಿ ಇದೇ ಕೆಲಸ ಮಾಡಿದವರು ನೀವು. ಏರಿಯಲ್ಲಿನ ಕೆಳಗೆ ಬಣ್ಣ ಇರಬಾರದೆಂದು ಬಿಲ್ಲು ನೋಡುವ ನನಗೆ ಅಂದು ತಿಳಿಯಿತು, ನಿಮಗೆ ತಿಳಿಯದೆ ಇರಲು ಸಾಧ್ಯವೇ? ಹಾಗಾದರೆ... ಆದರೆ ಅದನ್ನು ಅವಳ ಮುಂದೆ ಹೇಳಲಿಲ್ಲ. “ನಿನ್ನ ಇಷ್ಟ” ಎಂದೆ. ನಿತಾಯಿ ಸಾಮಾನು ಕಟ್ಟಿಕೊಂಡು ಸಿಂಧನೂರಿನ ಬಸ್ಸು ಹತ್ತಿದ.

ಮುಂದಿನ ಭಾನುವಾರಗಳಲ್ಲಿ ನಾನೊಬ್ಬನೇ ಮಸ್ಕಿಗೆ ಹೋಗಿ ಬಂದೆ. ಮಾಡುವ ಕೆಲಸವಿರಲಿಲ್ಲ. ಹಿಂದಿನ ಸೀಟಿನಲ್ಲಿ, ಸೆಟ್ಟಿನ ಎದುರು ಕೂತು ಹಳದಿ ದೀಪ ಹಚ್ಚುತ್ತಿದ್ದೆ, ಗಿರಣಿಯ ಸದ್ದು ಕೇಳುತ್ತಿದ್ದೆ, ಆರಿಸುತ್ತಿದ್ದೆ. ಪಕ್ಕದ ವೆಲ್ಡಿಂಗಿನವನು ಚಹಾ ಕಳಿಸಿದರೆ ಅಭ್ಯಾಸದಿಂದ ಎರಡು ಕಪ್ಪು ಬರುತ್ತಿದ್ದವು. ಎರಡನ್ನೂ ನಾನೇ ಕುಡಿಯುತ್ತಿದ್ದೆ. ಒಂದನ್ನು ವಾಪಸು ಕಳಿಸಿದ್ದರೆ ಅವನು ಮುಂದಿನ ಸಲ ಒಂದೇ ಕಳಿಸುತ್ತಿದ್ದ. ಕಚೇರಿಯಲ್ಲಿ ನನಗೆ ಜೊತೆಗಾರರಿದ್ದಾರೆ, ಮನೆಯಲ್ಲಿ ನಿಮ್ಮ ಮಗಳಿದ್ದಾಳೆ. ಆದರೂ ಮುಖ ನೋಡದೆ ಮಾತಾಡಬಹುದಾದ ಇನ್ನೊಬ್ಬರು ನನಗೆ ಸಿಗಲಿಲ್ಲ. ಗಾಡಿಯ ಕೆಳಗೆ ಒಬ್ಬನೇ ಮಲಗಿದವನು ಯಾರಿಗೆ ಏನು ಹೇಳುತ್ತಾನೆ?

ಇವತ್ತು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಸುಜಾತಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದಳು. ಕೈಯಲ್ಲಿ ಉಪ್ಪುಕಾಗದ. “ನಿತಾಯಿಗೆ ಫೋನ್ ಮಾಡೀನಿ, ಬರ್ತಾನ. ನೀವು ಕೆರಿಬ್ಯಾಡ್ರಿ, ಅವನೂ ಕೆರಿಯೋದು ಬ್ಯಾಡ. ನಾನ ಕೆರೀತೀನಿ.” ಶೆಡ್ಡಿನಲ್ಲಿ ಅವಳು ಗೋಣಿಚೀಲ ಹಾಸಿಕೊಂಡು ಕೂತಳು. ಹೆಬ್ಬೆಟ್ಟಿನ ಗುರುತನ್ನು ಒಂದು ಬೆರಳಿನಿಂದ ಮುಚ್ಚಿಕೊಂಡು, ಏರಿಯಲ್ಲಿಗೆಂದು ಮೊದಲೇ ಇದ್ದ ತೂತಿನ ಸುತ್ತ ಮೆಲ್ಲಗೆ ಉಜ್ಜಿದಳು. ಎರಡು ಸಲ ಉಜ್ಜುವುದರೊಳಗೆ ಬಣ್ಣ ಈರುಳ್ಳಿಯ ಸಿಪ್ಪೆಯಂತೆ ಇಡಿಯಾಗಿ ಎದ್ದು ಬಂತು. ಕೆಳಗೆ ಮಸಿಯಿಲ್ಲ, ತುಕ್ಕಿಲ್ಲ, ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣ. ಏರಿಯಲ್ಲಿನ ಬುಡದಷ್ಟೇ ಅಗಲದ ದುಂಡನೆಯ ಜಾಗ, ಅದರ ಮೇಲೆ ತೆಳ್ಳಗೆ ವ್ಯಾಸಲೀನು.

ನಿತಾಯಿ ಬಗ್ಗಿ, ಬೆರಳ ತುದಿಯಿಂದ ಅದನ್ನು ಮುಟ್ಟಿ ಮೂಸಿ ನೋಡಿದ. ಆಮೇಲೆ, “ಮಾಮಾ ಎಲ್ಲಾ ತಯಾರು ಮಾಡಿಟ್ಟಿದ್ದಾನ್ರಿ. ತುಕ್ಕು ಬರಬಾರದಂತ ವ್ಯಾಸಲೀನ್ ಸವರ್ಯಾನ. ಅದರ ಮ್ಯಾಲ ಬಣ್ಣ ಯಾಕ ಹೊಡದ? ವ್ಯಾಸಲೀನ್ ಮ್ಯಾಲ ಬಣ್ಣ ನಿಂದ್ರಂಗಿಲ್ಲ ಅಂತ ಮಾಮಾಗ ಗೊತ್ತಿಲ್ಲೇನು?” ಎಂದ.

“ಮರ್ತಾನ ಬಿಡು” ಎಂದಳು ಸುಜಾತಾ. “ಕೊನೀ ಕೊನೀಗೆ ನನ್ನನ್ನ ಅವ್ವನ ಹೆಸರಿಲೆ ಕರೀತಿದ್ದ.” ಎದ್ದ ಬಣ್ಣದ ಆ ಸಿಪ್ಪೆಯನ್ನು ಅವಳು ಎಸೆಯಲಿಲ್ಲ. ಎಲ್ಲಿಟ್ಟುಕೊಂಡಳೋ ನಾನು ನೋಡಲಿಲ್ಲ.

ಏರಿಯಲ್ ನಿಂತ ಮೇಲೆ ಆದದ್ದನ್ನು ನಿಮಗೆ ಹೇಳಬೇಕು. ಗಿರಣಿಯ ಸದ್ದು ನಿಂತುಹೋಯಿತು. ಅದರ ಜಾಗದಲ್ಲಿ ದೂರದ ಮಳೆಯಂಥ ಒಂದು ಸುಯ್ಯೆನ್ನುವ ಸದ್ದು, ಅದರ ನಡುವೆ ಸಿಳ್ಳೆ, ಅದರಾಚೆ ಯಾವುದೋ ಮನುಷ್ಯರ ದನಿ. ಹೆಡ್‌ಫೋನು ಒಂದೇ. ನಿಮ್ಮ ಮಗಳು ಅದನ್ನು ಹಾಕಿಕೊಂಡು ಡಯಲು ತಿರುಗಿಸುತ್ತ ಕೂತಳು.

“ಏನ್ ಕೇಳಿಸ್ತೈತಿ?” ಎಂದೆ.

“ಯಾರೋ ಮಾತಾಡಾಕತ್ತಾರ.”

“ಯಾವ ಭಾಷೆ?”

“ಗೊತ್ತಿಲ್ಲ. ಸುಮ್ನಿರ್ರಿ.”

ಅವಳ ಕಣ್ಣು ಮುಚ್ಚಿತ್ತು. ತುಟಿ ಮಾತ್ರ ಒಮ್ಮೊಮ್ಮೆ ಅಲ್ಲಾಡುತ್ತಿತ್ತು, ಅಲ್ಲಿನವರಿಗೆ ಇವಳು ಉತ್ತರ ಕೊಡುತ್ತಿರುವ ಹಾಗೆ. ಸೆಟ್ಟು ಮಾತಾಡಲಾರದೆಂದು ಅವಳಿಗೆ ಗೊತ್ತು. ಮೆರವಣಿಗೆಗೆ ಜೀಪು ಹೋಗುತ್ತದೆ. ಹಿಂಬದಿಯಲ್ಲಿ, ನೀವು ಕೂರುತ್ತಿದ್ದ ಜಾಗದಲ್ಲಿ, ಅವಳೇ ಕೂರುತ್ತಾಳಂತೆ. ಇದು ನಿಮಗೆ ಹೇಳಬೇಕಿದ್ದ ಸುದ್ದಿ.

ಬಸ್ಸಿನಲ್ಲಿ ಬರುವಾಗ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಆಗ ನನಗೆ ಒಂದು ಮಧ್ಯಾಹ್ನ ನೆನಪಾಯಿತು. ಅವಳಿಗೆ ಇನ್ನೂ ಹೇಳಿಲ್ಲ. ಬಣ್ಣದ ಕೆಲಸ ಮುಗಿದು ಬಹಳ ದಿನವಾಗಿತ್ತು. ಶೆಡ್ಡಿನಲ್ಲಿ ನಿಮ್ಮ ಫೋನು ಸದ್ದು ಮಾಡಿತು, ಸತಾರಾದಿಂದ. ನಿಮ್ಮ ಜಾಧವ್ ತೀರಿಹೋದರೆಂದು ಅವರ ಮಗ ಹೇಳಿದ. ಸೈನ್ಯದಲ್ಲಿ ನೀವು ಒಂದು ಸೆಟ್ಟಿನ ಮುಂದೆ ಕೂತರೆ ಅತ್ತಲಿನ ಸೆಟ್ಟಿನಲ್ಲಿ ಅವರು ಕೂರುತ್ತಿದ್ದರಂತೆ. ಮುಖಕ್ಕಿಂತ ದನಿಯ ಪರಿಚಯವೇ ಹೆಚ್ಚು ಎಂದು ನೀವೇ ಒಮ್ಮೆ ಹೇಳಿದ್ದಿರಿ. ನೀವು “ಅಚ್ಛಾ” ಎಂದು ಫೋನು ಇಟ್ಟಿರಿ. ಸ್ವಲ್ಪ ಹೊತ್ತಾದ ಮೇಲೆ, “ಬಣ್ಣ ಉಳದೈತೇನ್ರಿ ಅಳ್ಯಾರ?” ಎಂದು ಕೇಳಿದಿರಿ. ಡಬ್ಬಿಯ ಮುಚ್ಚಳ ತೆಗೆದು, ಕಟ್ಟಿಗೆಯಿಂದ ಕಲಕಿ ಕೊಟ್ಟವನು ನಾನು. ನೀವು ಬ್ರಷ್ಷು ಹಿಡಿದು ಗಾಡಿಯ ಹಿಂದಕ್ಕೆ ಹೋದಿರಿ. ನಾನು ಮುಂದೆ ಬಾನೆಟ್ಟು ಒರೆಸುತ್ತಿದ್ದೆ. ನೀವು ಎಲ್ಲಿ ಬಳಿಯುತ್ತಿದ್ದೀರೆಂದು ನೋಡಲಿಲ್ಲ.

ನಾವು ಇವತ್ತು ಅದನ್ನು ತೆರೆದಿದ್ದೇವೆ ಮಾವಾರ. ಸುಜಾತಾ ಹೇಳುವುದು ಸರಿಯಿದ್ದರೆ ಅದರಲ್ಲಿ ತಪ್ಪೇನಿಲ್ಲ. ಇಲ್ಲದಿದ್ದರೆ, ಆ ದನಿ ಇನ್ನು ಬರುವುದಿಲ್ಲವೆಂದು ನೀವು ಮುಚ್ಚಿದ್ದನ್ನು... ಅಲ್ಲಿ ಬಣ್ಣ ಹಚ್ಚುವಾಗ ನೀವು ಮರೆತು ಹಚ್ಚಿದಿರೋ, ತಿಳಿದೇ ಹಚ್ಚಿದಿರೋ?